ಹೋಗದ ಊರಿನ ಮನೆ ಬಾಡಿಗೆ ಯಾರ ಪಾಲು?

1902ರ ಜೂನ್ ತಿಂಗಳು. ಲಂಡನ್ ನಗರ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಸಿಂಗಾರಗೊಂಡು ನಿಂತಿತ್ತು. ಹಿಂದಿನ ಪಟ್ಟಾಭಿಷೇಕ, ಅಂದರೆ ವಿಕ್ಟೋರಿಯಾ ರಾಣಿಯದು, ನಡೆದದ್ದು 1838ರಲ್ಲಿ. 64 ವರ್ಷಗಳ ನಂತರ ಬಂದ ಈ ಸಂಭ್ರಮವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಎಲ್ಲರದು. ಜೂನ್ 26ರಂದು ಪಟ್ಟಾಭಿಷೇಕ, ಮರುದಿನ ನಗರದ ಬೀದಿಗಳಲ್ಲಿ ಭಾರಿ ಮೆರವಣಿಗೆ ಎಂದು ಪ್ರಕಟಣೆ ಹೊರಟಿತ್ತು. ಮೆರವಣಿಗೆ ಸಾಗುವ ದಾರಿಯಲ್ಲಿ ಮನೆ ಇದ್ದವರಿಗೆ ಇದು ಸುಗ್ಗಿ. ಕಿಟಕಿ, ಬಾಲ್ಕನಿ, ಕೋಣೆಗಳನ್ನೆಲ್ಲ ಒಂದು ದಿನಕ್ಕೆ, ಎರಡು ದಿನಕ್ಕೆ ಎಂದು ಬಾಡಿಗೆಗೆ ಕೊಡುವ ವ್ಯವಹಾರ ಭರದಿಂದ ನಡೆಯಿತು.

ಪಾಲ್ ಮಾಲ್ ಬೀದಿಯ 56ಎ ಸಂಖ್ಯೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಪಾಲ್ ಕ್ರೆಲ್ ಎಂಬುವರ ವಸತಿ ಇತ್ತು. ಅವರು ಊರಲ್ಲಿರಲಿಲ್ಲ, ಕೋಣೆಗಳನ್ನು ಬಾಡಿಗೆಗೆ ಕೊಡುವಂತೆ ತಮ್ಮ ವಕೀಲರಿಗೆ ಹೇಳಿ ಹೋಗಿದ್ದರು. ಕಿಟಕಿಯಲ್ಲಿ ತೂಗುಹಾಕಿದ್ದ ಫಲಕ ಕಂಡ ಸಿ.ಎಸ್. ಹೆನ್ರಿ ಎಂಬುವರು ಎರಡು ದಿನಕ್ಕೆ 75 ಪೌಂಡ್ ಕೊಡಲು ಒಪ್ಪಿದರು. ಹಗಲು ಮಾತ್ರ ಬಳಕೆ, ರಾತ್ರಿ ಇರುವಂತಿಲ್ಲ. ಜೂನ್ 20ರಂದು 25 ಪೌಂಡ್ ಮುಂಗಡದ ಚೆಕ್ ಹೋಯಿತು. ಉಳಿದ 50 ಪೌಂಡನ್ನು 24ರಂದು ಕೊಡುವುದೆಂದು ಮಾತಾಯಿತು. ಎರಡೂ ಕಡೆಯ ಪತ್ರಗಳಲ್ಲಿ ಪಟ್ಟಾಭಿಷೇಕದ ಪ್ರಸ್ತಾಪವೇ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿದ್ದ ಸಂಗತಿ, ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

24ನೇ ತಾರೀಖು ಅರಮನೆಯಿಂದ ಸುದ್ದಿ ಹೊರಬಿತ್ತು. ದೊರೆಗೆ ಹೊಟ್ಟೆಯೊಳಗೆ ಕೀವು ತುಂಬಿ ಪ್ರಾಣಾಪಾಯ. ಫ್ರೆಡರಿಕ್ ಟ್ರೀವ್ಸ್ ಎಂಬ ಶಸ್ತ್ರವೈದ್ಯರು ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಶಸ್ತ್ರಚಿಕಿತ್ಸೆ ನಡೆಸಿದರು. ದೊರೆ ಬದುಕಿದ, ಆಗಸ್ಟ್ 9ರಂದು ಪಟ್ಟಾಭಿಷೇಕವೂ ಆಯಿತು. ಆದರೆ ಜೂನ್ ತಿಂಗಳ ಮೆರವಣಿಗೆ ನಡೆಯಲಿಲ್ಲ. ಬರಿದಾದ ಬೀದಿಯನ್ನು ನೋಡಲು 50 ಪೌಂಡ್ ಏಕೆ ಕೊಡಬೇಕು ಎಂದರು ಹೆನ್ರಿ. ಕೋಣೆ ಸಿದ್ಧವಿದೆ, ಬಂದು ಕೂರಬಹುದು, ಹಣ ಕೊಡಿ ಎಂದರು ಕ್ರೆಲ್. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.

ಪ್ಯಾರಿಸ್‌ನಲ್ಲೋ ರೋಮ್‌ನಲ್ಲೋ ವಾರದ ಮಟ್ಟಿಗೆ ಅಪಾರ್ಟ್‌ಮೆಂಟ್ ಕಾದಿರಿಸಿ, ಕಡೆಗೆ ಹೋಗಲಾಗದೆ ಮುಂಗಡವನ್ನು ಕಳೆದುಕೊಳ್ಳುವ ಇಂದಿನ ಪ್ರವಾಸಿಯ ಪ್ರಶ್ನೆಯೂ ಇದೇ. ಮುಂಗಡ ಎಂದರೇನು? ಅದು ಬಾಡಿಗೆಯ ಒಂದು ಕಂತೇ, ಮಾತಿಗೆ ಕೊಟ್ಟ ಸಾಕ್ಷಿಯೇ, ಇಲ್ಲ ಮಾತು ತಪ್ಪಿದ್ದಕ್ಕೆ ತೆರುವ ದಂಡವೇ? ಇದಕ್ಕೆ ಉತ್ತರ ಹುಡುಕುತ್ತಾ ಹೊರಟರೆ ದಾರಿ ಲಂಡನ್ನಿನಿಂದ ಕಲ್ಯಾಣದವರೆಗೂ ಸಾಗುತ್ತದೆ.

ಉಂಗುರದ ನ್ಯಾಯ

ಕನ್ನಡದಲ್ಲಿ ಮುಂಗಡಕ್ಕೆ ಹಳೆಯ ಹೆಸರು ಸಂಚಕಾರ. ಇಂದು 'ಜೀವಕ್ಕೆ ಸಂಚಕಾರ' ಎಂದಾಗ ಅಪಾಯ ಎಂಬ ಅರ್ಥವೇ ಎಲ್ಲರಿಗೂ ಹೊಳೆಯುವುದು. ಆದರೆ ಪದದ ಮೂಲ ಸಂಸ್ಕೃತದ ಸತ್ಯಂಕಾರ, ಅಂದರೆ ಮಾತನ್ನು ಸತ್ಯವಾಗಿಸುವುದು. ವ್ಯಾಪಾರ ಕುದುರಿಸುವಾಗ ಕೈಗಿಡುವ ಹಣಕ್ಕೆ ಈ ಹೆಸರು. ತೆಲುಗಿನ ಸಂಚಕರುವು, ತಮಿಳಿನ ಅಚ್ಚಾರಂ ಕೂಡ ಇದೇ ಬಳ್ಳಿಯ ಕಾಯಿಗಳು.

ಸತ್ಯಂಕಾರವಾಗಿ ಪಡೆದದ್ದನ್ನು ಇಮ್ಮಡಿಯಾಗಿ ಹಿಂದಿರುಗಿಸಬೇಕು ಎಂಬುದು ಯಾಜ್ಞವಲ್ಕ್ಯ ಸ್ಮೃತಿಯ ವಿಧಿ. ಈ ಚಿಕ್ಕ ವಿಧಿಗೆ ಸ್ಪಷ್ಟ ರೂಪ ಕೊಟ್ಟವರು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರರು. ಅವರು ಕೊಡುವ ಉದಾಹರಣೆ ಉಂಗುರದ್ದು. ಕೊಳ್ಳುವ, ಮಾರುವ ಒಪ್ಪಂದ ಉಳಿಯಲಿ ಎಂದು ಒಬ್ಬ ಇನ್ನೊಬ್ಬನ ಕೈಗೆ ಉಂಗುರ ಕೊಟ್ಟಿದ್ದಾನೆ. ಕೊಟ್ಟವನೇ ಮಾತಿಗೆ ತಪ್ಪಿದರೆ ಉಂಗುರ ಹೋಯಿತು. ತೆಗೆದುಕೊಂಡವನು ತಪ್ಪಿದರೆ ಆ ಉಂಗುರದ ಎರಡರಷ್ಟನ್ನು ತೆರಬೇಕು. ಹಿಂದೂ ಆಸ್ತಿ ಹಕ್ಕಿನ ವಿಚಾರದಲ್ಲಿ ಇಂದಿಗೂ ಮಿತಾಕ್ಷರದ ಹೆಸರು ಕೋರ್ಟುಗಳಲ್ಲಿ ಕೇಳಿಬರುತ್ತದೆ. ಬಸವಕಲ್ಯಾಣದ ನೆಲದಲ್ಲಿ ಹುಟ್ಟಿದ ಆ ಗ್ರಂಥ ಮುಂಗಡದ ಬಗ್ಗೆಯೂ ಹೀಗೆ ಖಚಿತವಾಗಿ ಮಾತನಾಡಿದೆ ಎಂಬುದು ಹೆಚ್ಚು ಜನರಿಗೆ ತಿಳಿಯದು.

ಕುತೂಹಲದ ಸಂಗತಿ ಎಂದರೆ, ಸಾವಿರಾರು ಮೈಲಿ ದೂರದಲ್ಲಿ ಇದೇ ನ್ಯಾಯ ಬೇರೊಂದು ಹೆಸರಿನಲ್ಲಿ ಬೆಳೆದಿತ್ತು. ಹೀಬ್ರೂ ಭಾಷೆಯಲ್ಲಿ 'ಎರಾಬೋನ್' ಎಂಬ ಪದವಿದೆ. ಬೈಬಲಿನ ಆದಿಕಾಂಡದಲ್ಲಿ ಯೂದನು ಮೇಕೆಮರಿ ಕಳಿಸುವವರೆಗೆ ಒತ್ತೆಯಾಗಿ ತನ್ನ ಮುದ್ರೆ, ದಾರ, ಕೋಲನ್ನು ತಾಮಾರಳಿಗೆ ಕೊಡುವಲ್ಲಿ ಈ ಪದ ಬರುತ್ತದೆ. ಸೆಮಿಟಿಕ್ ವರ್ತಕರ ಈ ಮಾತು ಗ್ರೀಕರಲ್ಲಿ 'ಅರ‍್ರಬೋನ್' ಆಯಿತು, ರೋಮನ್ನರಲ್ಲಿ 'ಅರ‍್ರ' ಆಯಿತು. ಸುಮಾರು 2200 ವರ್ಷಗಳ ಹಿಂದೆ ಪ್ಲಾಟಸ್ ಬರೆದ ಲ್ಯಾಟಿನ್ ಹಾಸ್ಯನಾಟಕವೊಂದರಲ್ಲಿ, ಯಜಮಾನನ ಮಗ ದುಂದುವೆಚ್ಚಕ್ಕೆ ಮಾಡಿದ ಸಾಲವನ್ನು ಮುಚ್ಚಿಹಾಕಲು ಗುಲಾಮನೊಬ್ಬ 'ಆ ಹಣ ಮನೆ ಕೊಳ್ಳಲು ಮುಂಗಡವಾಗಿ ಹೋಯಿತು' ಎಂದು ಸುಳ್ಳು ಹೇಳುತ್ತಾನೆ. ಜನಸಾಮಾನ್ಯರು ಕೇಳಿ ನಗುವಷ್ಟು ಈ ಪದ್ಧತಿ ಆಗಲೇ ಬಳಕೆಯಲ್ಲಿತ್ತು.

ಜಸ್ಟಿನಿಯನ್ ಚಕ್ರವರ್ತಿ 528ರಲ್ಲಿ ಹೊರಡಿಸಿದ ಆಜ್ಞೆ ಮತ್ತು 533ರಲ್ಲಿ ಪ್ರಕಟಿಸಿದ ಕಾನೂನು ಪಠ್ಯ ಈ ಪದ್ಧತಿಗೆ ಶಾಸನದ ಮುದ್ರೆ ಒತ್ತಿದವು. ಹಿಂದೆ ಸರಿದ ಕೊಳ್ಳುಗನಿಗೆ ಮುಂಗಡ ನಷ್ಟ. ಹಿಂದೆ ಸರಿದ ಮಾರಾಟಗಾರ ಇಮ್ಮಡಿ ಕೊಡಬೇಕು. ನೆಪೋಲಿಯನ್ ಕಾಲದ 1804ರ ಫ್ರೆಂಚ್ ನಾಗರಿಕ ಸಂಹಿತೆಯ 1590ನೇ ವಿಧಿಯಲ್ಲೂ ಇದೇ ಮಾತು. ಫ್ರೆಂಚರು ಇದನ್ನು 'ಆರ್' ಎನ್ನುತ್ತಾರೆ, ಸ್ಪೇನಿನವರು 'ಆರ‍್ರಾಸ್', ಇಟಲಿಯವರು 'ಕಪಾರ‍್ರ'. ಎಲ್ಲಕ್ಕೂ ಬೇರು ಒಂದೇ.

ಈ ಹಳೆಯ ನ್ಯಾಯದ ಗುಣವೆಂದರೆ ಸಮತೂಕ. ಮುಂಗಡ ಕೊಟ್ಟವನನ್ನು ಮಾತ್ರ ಕಟ್ಟಿಹಾಕದೆ, ತೆಗೆದುಕೊಂಡವನನ್ನೂ ಅದು ಅಷ್ಟೇ ಬಿಗಿಯಾಗಿ ಕಟ್ಟುತ್ತದೆ. ಆದರೆ ಅದು ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಇಬ್ಬರಲ್ಲಿ ಒಬ್ಬ ತಾನಾಗಿ ಹಿಂದೆ ಸರಿದರೆ ಏನು? ಯಾರೂ ತಪ್ಪದೆ, ದೊರೆಯ ಹೊಟ್ಟೆನೋವಿನಿಂದಲೋ ಯುದ್ಧದಿಂದಲೋ ವ್ಯವಹಾರ ಕೆಟ್ಟರೆ ಏನು ಎಂಬ ಪ್ರಶ್ನೆಗೆ ಉಂಗುರದ ನ್ಯಾಯದಲ್ಲಿ ಉತ್ತರವಿಲ್ಲ.

ಬಿದ್ದಲ್ಲೇ ಬಿದ್ದಿರಲಿ

ಇಂಗ್ಲೆಂಡಿನ ನ್ಯಾಯಾಧೀಶರಿಗೆ ಈ ಎರಡನೆಯ ಪ್ರಶ್ನೆ ಎದುರಾದದ್ದು 19ನೇ ಶತಮಾನದಲ್ಲಿ. ಅಲ್ಲಿಯವರೆಗೆ ಒಪ್ಪಿದ ಮೇಲೆ ಒಪ್ಪಿದಂತೆ, ಆಕಾಶ ಕಳಚಿ ಬಿದ್ದರೂ ಕರಾರು ಕರಾರೇ ಎಂಬುದು ಸಾಮಾನ್ಯ ನಿಯಮ. 1861ರಲ್ಲಿ ಟೇಲರ್ ಎಂಬುವರು ಲಂಡನ್ನಿನ ಸರ್ರೆ ಗಾರ್ಡನ್ಸ್ ಸಂಗೀತ ಸಭಾಂಗಣವನ್ನು ನಾಲ್ಕು ದಿನಗಳ ಕಾರ್ಯಕ್ರಮಕ್ಕೆ, ದಿನಕ್ಕೆ 100 ಪೌಂಡಿನಂತೆ ಬಾಡಿಗೆಗೆ ಹಿಡಿದಿದ್ದರು. ಮೊದಲ ಕಾರ್ಯಕ್ರಮಕ್ಕೆ ಮುನ್ನವೇ ಸಭಾಂಗಣ ಬೆಂಕಿಗೆ ಆಹುತಿಯಾಯಿತು. ಕರಾರು ನಿಂತಿದ್ದ ವಸ್ತುವೇ ಇಲ್ಲವಾದ ಮೇಲೆ ಕರಾರು ಉಳಿಯದು, ಇಬ್ಬರೂ ಬಿಡುಗಡೆ ಎಂದು 1863ರಲ್ಲಿ ನ್ಯಾಯಾಧೀಶ ಬ್ಲ್ಯಾಕ್‌ಬರ್ನ್ ತೀರ್ಪು ನೀಡಿದರು.

ಕ್ರೆಲ್ ಮತ್ತು ಹೆನ್ರಿ ಮೊಕದ್ದಮೆ ಇದಕ್ಕಿಂತ ತೊಡಕಿನದು. ಇಲ್ಲಿ ಕೋಣೆ ಸುಟ್ಟಿರಲಿಲ್ಲ, ಗಟ್ಟಿಮುಟ್ಟಾಗಿಯೇ ಇತ್ತು. ಆದರೂ 1903ರಲ್ಲಿ ಮೇಲ್ಮನವಿ ನ್ಯಾಯಾಲಯ ಹೆನ್ರಿ ಪರವಾಗಿ ನಿಂತಿತು. ಕರಾರಿನ ಬುಡವೇ ಮೆರವಣಿಗೆ, ಅದಿಲ್ಲದೆ ಕರಾರಿಗೆ ಅರ್ಥವಿಲ್ಲ ಎಂದಿತು. ಹಾಗೆಂದು ಎಲ್ಲ ನಿರಾಶೆಗೂ ಈ ರಿಯಾಯಿತಿ ಸಲ್ಲದು ಎಂಬುದನ್ನು ವಿವರಿಸಲು ನ್ಯಾಯಾಧೀಶ ವಾನ್ ವಿಲಿಯಮ್ಸ್ ಕುದುರೆ ಜೂಜಿನ ಉದಾಹರಣೆ ಕೊಟ್ಟರು. ಡರ್ಬಿ ದಿನ ಎಪ್ಸಮ್‌ಗೆ ಹೋಗಲು ಗಾಡಿ ಗೊತ್ತುಮಾಡಿದವನು, ಪಂದ್ಯ ನಡೆಯಲಿಲ್ಲವೆಂದು ಗಾಡಿಯವನ ಬಾಡಿಗೆ ತಪ್ಪಿಸುವಂತಿಲ್ಲ. ಗಾಡಿ ಎಲ್ಲಿಗಾದರೂ ಓಡುವ ಗಾಡಿ, ಪಂದ್ಯ ಪ್ರಯಾಣಿಕನ ಸ್ವಂತ ಉದ್ದೇಶ. ಪಾಲ್ ಮಾಲ್‌ನ ಕೋಣೆಯಾದರೋ ಮೆರವಣಿಗೆ ನೋಡುವ ಜಾಗವೆಂದೇ ಬಾಡಿಗೆಗೆ ಬಂದದ್ದು.

ಅದೇ ವರ್ಷ ಇನ್ನೊಂದು ಮೊಕದ್ದಮೆಯಲ್ಲಿ ತೀರ್ಪು ತಿರುಗಿತು. ನೌಕಾಪಡೆಯನ್ನು ದೊರೆ ಪರಿಶೀಲಿಸುವುದನ್ನು ಜನರಿಗೆ ತೋರಿಸಲು ಹಟನ್ ಎಂಬುವರು 'ಸಿಂಥಿಯಾ' ಎಂಬ ಹಬೆದೋಣಿಯನ್ನು 250 ಪೌಂಡಿಗೆ ಗೊತ್ತುಮಾಡಿ, 50 ಪೌಂಡ್ ಮುಂಗಡ ಕೊಟ್ಟಿದ್ದರು. ದೊರೆ ಬರಲಿಲ್ಲ ನಿಜ, ಆದರೆ ಹಡಗುಗಳು ಅಲ್ಲೇ ನಿಂತಿದ್ದವು, ಸುತ್ತಿ ನೋಡಬಹುದಿತ್ತು. ಕರಾರು ಪೂರ್ತಿ ಕೆಟ್ಟಿಲ್ಲ ಎಂದಿತು ನ್ಯಾಯಾಲಯ.

ಇಷ್ಟಾದರೂ ಮುಂಗಡದ ಗತಿ ಏನೆಂಬುದು ಬಗೆಹರಿದಿರಲಿಲ್ಲ. ಹೆನ್ರಿ ತಮ್ಮ 25 ಪೌಂಡನ್ನು ಮರಳಿ ಕೇಳಿದ್ದರು, ಮೇಲ್ಮನವಿಯ ಹೊತ್ತಿಗೆ ಆ ಬೇಡಿಕೆಯನ್ನು ಕೈಬಿಟ್ಟರು. ಬಿಟ್ಟದ್ದೇ ಒಳ್ಳೆಯದಾಯಿತೇನೋ. ಏಕೆಂದರೆ 1904ರಲ್ಲಿ ತೀರ್ಮಾನವಾದ ಚಾಂಡ್ಲರ್ ಮೊಕದ್ದಮೆಯ ಕಥೆ ಬೇರೆಯೇ ಆಯಿತು. ಪಾಲ್ ಮಾಲ್‌ನಲ್ಲೇ ಕೋಣೆ ಹಿಡಿದಿದ್ದ ಚಾಂಡ್ಲರ್ 141 ಪೌಂಡ್ 15 ಶಿಲ್ಲಿಂಗ್ ಬಾಡಿಗೆಯಲ್ಲಿ 100 ಪೌಂಡ್ ಮೊದಲೇ ಕೊಟ್ಟಿದ್ದರು. ಅದು ಮರಳಿ ಬರಲಿಲ್ಲ. ಸಾಲದ್ದಕ್ಕೆ, ಉಳಿದ 41 ಪೌಂಡ್ 15 ಶಿಲ್ಲಿಂಗ್ ಕೂಡ ಮೆರವಣಿಗೆ ರದ್ದಾಗುವ ಮೊದಲೇ ಕೊಡಬೇಕಾದ ಹಣವಾಗಿತ್ತು. ಅದನ್ನೂ ತೆರಬೇಕೆಂದು ನ್ಯಾಯಾಲಯ ಹೇಳಿತು. ಕರಾರು ಮುರಿದ ಗಳಿಗೆಗೆ ಯಾರ ಹಣ ಎಲ್ಲಿದೆಯೋ ಅಲ್ಲೇ ಇರಲಿ, ಯಾರ ಬಾಕಿ ಹುಟ್ಟಿದೆಯೋ ಅದು ಉಳಿಯಲಿ ಎಂಬುದು ಇದರ ಸಾರಾಂಶ. ಹೇಳಿದ ದಿನಕ್ಕೆ ಸರಿಯಾಗಿ ಹಣ ಕಟ್ಟಿದವನು ಕಳೆದುಕೊಂಡ, ಬಾಕಿಯ ಗಡುವು ಮುಂದಿದ್ದವನು ಬಚಾವಾದ.

ತಿದ್ದಲು ಹಿಡಿದ ನಾಲ್ಕು ದಶಕ

ಈ ನಿಯಮವನ್ನು ಇಂಗ್ಲೆಂಡ್ ತಿದ್ದಿಕೊಳ್ಳಲು ಮತ್ತೊಂದು ಮಹಾಯುದ್ಧವೇ ಬರಬೇಕಾಯಿತು. ಪೋಲೆಂಡಿನ ಫಿಬ್ರೋಸಾ ಕಂಪನಿ ಲೀಡ್ಸ್‌ನ ಕಾರ್ಖಾನೆಯೊಂದರಿಂದ 4,800 ಪೌಂಡ್ ಬೆಲೆಯ ಯಂತ್ರಗಳನ್ನು ಕೊಳ್ಳಲು ಒಪ್ಪಿ 1,000 ಪೌಂಡ್ ಮುಂಗಡ ಕೊಟ್ಟಿತ್ತು. 1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ಎರಗಿತು, ಯಂತ್ರ ಕಳಿಸುವ ಮಾತೇ ಇಲ್ಲವಾಯಿತು. ಪ್ರತಿಯಾಗಿ ಏನೂ ಸಿಗದಿದ್ದರೆ ಕೊಟ್ಟ ಹಣ ಮರಳಬೇಕು ಎಂದು 1942ರಲ್ಲಿ ಲಾರ್ಡ್ಸ್ ಸಭೆ ತೀರ್ಪಿತ್ತು, ಚಾಂಡ್ಲರ್ ನಿಯಮವನ್ನು ಅಳಿಸಿಹಾಕಿತು. ಇದರಲ್ಲೂ ಒಂದು ಕೊರತೆ ಇತ್ತು. ಹಣ ಪಡೆದವನು ಕೆಲಸಕ್ಕೆ ಅಷ್ಟಿಷ್ಟು ಖರ್ಚು ಮಾಡಿದ್ದರೆ ಅದೆಲ್ಲ ಅವನ ತಲೆಗೇ ಬರುತ್ತಿತ್ತು. ಮುಂಗಡ ಮರಳಿಸಬೇಕು, ಆದರೆ ನ್ಯಾಯವೆನಿಸಿದರೆ ಖರ್ಚಿನ ಪಾಲನ್ನು ಹಿಡಿದುಕೊಳ್ಳಲು ನ್ಯಾಯಾಲಯ ಅವಕಾಶ ಕೊಡಬಹುದು ಎಂದು 1943ರ ಕಾಯಿದೆ ಅದನ್ನೂ ಸರಿಪಡಿಸಿತು.

ಇಲ್ಲಿ ಭಾರತದ ಮಾತು ಬರುತ್ತದೆ. ಬ್ರಿಟಿಷರೇ ಇಲ್ಲಿಗೆಂದು ಮಾಡಿದ 1872ರ ಭಾರತೀಯ ಕರಾರು ಕಾಯಿದೆಯ 56ನೇ ಕಲಮು ನಡೆಸಲಾಗದ ಕರಾರು ಅನೂರ್ಜಿತ ಎನ್ನುತ್ತದೆ. ಹಾಗಾದಾಗ ಪಡೆದದ್ದನ್ನು ಹಿಂದಿರುಗಿಸಬೇಕು ಎನ್ನುತ್ತದೆ 65ನೇ ಕಲಮು. ಅದಕ್ಕೆ ಕಾಯಿದೆಯಲ್ಲೇ ಕೊಟ್ಟ ನಿದರ್ಶನವೂ ಇದೆ: ಕಚೇರಿಯಲ್ಲಿ ಹಾಡಲು 1,000 ರೂಪಾಯಿ ಮೊದಲೇ ಪಡೆದ ಗಾಯಕ ಕಾಯಿಲೆ ಬಿದ್ದು ಹಾಡಲಾಗದಿದ್ದರೆ ಸಂಘಟಕನ ಲಾಭನಷ್ಟ ತುಂಬಿಕೊಡಬೇಕಿಲ್ಲ, ಆದರೆ ಆ 1,000 ರೂಪಾಯಿ ಮರಳಿಸಲೇಬೇಕು. ಲಂಡನ್ನಿನ ಚಾಂಡ್ಲರ್‌ಗೆ 1904ರಲ್ಲಿ ಸಿಗದ ನ್ಯಾಯ, ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಕಚೇರಿ ಏರ್ಪಡಿಸುವವರಿಗೆ ಕಾಯಿದೆ ಪುಸ್ತಕದಲ್ಲಿ ಮೊದಲೇ ಸಿದ್ಧವಾಗಿತ್ತು.

ರಜೆಯೂ ಹಕ್ಕಾಯಿತು

ಪರ ಊರಿನಲ್ಲಿ ಮನೆ ಹಿಡಿದು ರಜೆ ಕಳೆಯುವುದು ಬಹುಕಾಲ ಸಿರಿವಂತರ ಸೊತ್ತಾಗಿತ್ತು. 1936ರಲ್ಲಿ ಫ್ರಾನ್ಸಿನ ಪಾಪ್ಯುಲರ್ ಫ್ರಂಟ್ ಸರ್ಕಾರ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 1938ರಲ್ಲಿ ಬ್ರಿಟನ್ ಕೂಡ ಸಂಬಳಸಹಿತ ರಜೆಗೆಂದೇ ಒಂದು ಕಾಯಿದೆ ತಂದಿತು. ಯುದ್ಧಾನಂತರ ಫ್ರಾನ್ಸಿನ ಹಳ್ಳಿಗಳಲ್ಲಿ ಖಾಲಿ ಬಿದ್ದ ಮನೆಗಳನ್ನು ದುರಸ್ತಿ ಮಾಡಿ ಪಟ್ಟಣಿಗರಿಗೆ ಬಾಡಿಗೆಗೆ ಕೊಡುವ 'ಜೀತ್' ಚಳವಳಿ 1951ರಲ್ಲಿ ಆರಂಭವಾಯಿತು. 1955ರಲ್ಲಿ ಅದಕ್ಕೆ ರಾಷ್ಟ್ರೀಯ ಒಕ್ಕೂಟವೂ ರೂಪುಗೊಂಡಿತು. ಹಳ್ಳಿಯ ರೈತನಿಗೆ ಮೇಲಾದಾಯ, ಪಟ್ಟಣದ ನೌಕರನಿಗೆ ಅಗ್ಗದ ರಜೆ. ಇಬ್ಬರ ನಡುವೆ ಅಂಚೆಯಲ್ಲಿ ಹೋಗುವ ಪತ್ರ ಮತ್ತು ಮುಂಗಡದ ಚೆಕ್.

ಇಂಥಲ್ಲಿ ಹಣದ ಹೆಸರು ಮುಖ್ಯವಾಗುತ್ತದೆ. ಫ್ರಾನ್ಸಿನಲ್ಲಿ ಕೊಟ್ಟ ಹಣ 'ಆರ್' ಎಂದು ಬರೆದಿದ್ದರೆ ಹಳೆಯ ಉಂಗುರದ ನ್ಯಾಯ: ಬಾಡಿಗೆದಾರ ಅಷ್ಟನ್ನು ಬಿಟ್ಟು ಹಿಂದೆ ಸರಿಯಬಹುದು, ಮಾಲೀಕ ಸರಿದರೆ ಎರಡರಷ್ಟು ಕೊಡಬೇಕು. 'ಅಕೋಂಟ್' ಎಂದು ಬರೆದಿದ್ದರೆ ಅದು ಬಾಡಿಗೆಯ ಮೊದಲ ಕಂತು. ಆಗ ಹಿಂದೆ ಸರಿಯುವ ದಾರಿಯೇ ಇಲ್ಲ. ಉಳಿದ ಬಾಡಿಗೆಯನ್ನೂ ಮಾಲೀಕ ಕೇಳಬಹುದು. ಒಂದು ಪದದ ಅಂತರ, ಒಂದು ವಾರದ ಬಾಡಿಗೆಯ ವ್ಯತ್ಯಾಸ. ಇಟಲಿಯಲ್ಲಿ 'ಕಪಾರ‍್ರ' ಮತ್ತು 'ಅಕೋಂತೊ' ನಡುವೆ ಇರುವುದೂ ಇಂಥದೇ ಭೇದ. ಜನ ಮೋಸಹೋಗುವುದನ್ನು ಕಂಡ ಫ್ರಾನ್ಸ್ 1992ರಲ್ಲಿ ಗ್ರಾಹಕರ ಪರವಾಗಿ ಕಾನೂನು ಮಾಡಿತು. ವ್ಯಾಪಾರಿಗೆ ಗ್ರಾಹಕ ಮೊದಲೇ ಕೊಟ್ಟ ಹಣವನ್ನು, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, 'ಆರ್' ಎಂದೇ ತಿಳಿಯಬೇಕು. ಏಜೆಂಟರ ಮೂಲಕ ರಜೆಯ ಮನೆ ಹಿಡಿದರೆ ಆರು ತಿಂಗಳಿಗಿಂತ ಮೊದಲು ಹಣ ಕೇಳುವಂತಿಲ್ಲ, ಮುಂಗಡ ಒಟ್ಟು ಬಾಡಿಗೆಯ ಶೇ 25ನ್ನು ಮೀರುವಂತಿಲ್ಲ ಎಂಬ ನಿಯಮವೂ ಅಲ್ಲಿದೆ.

ಇಂಗ್ಲಿಷ್ ಕಾನೂನಿನಲ್ಲಿ ಇಮ್ಮಡಿ ಮರಳಿಸುವ ಪದ್ಧತಿ ಬೆಳೆಯಲಿಲ್ಲ. ಮುಂಗಡವು ಮಾತಿಗೆ ಸಾಕ್ಷಿ, ಹಾಗೆಂದು ಬರೆಯದಿದ್ದರೂ ಹಿಂದೆ ಸರಿದ ಕೊಳ್ಳುಗ ಅದನ್ನು ಕಳೆದುಕೊಳ್ಳುತ್ತಾನೆ ಎಂದು 1884ರ ಹೋವ್ ಮತ್ತು ಸ್ಮಿತ್ ಮೊಕದ್ದಮೆ ಸ್ಥಿರಪಡಿಸಿತು. ತೆಗೆದುಕೊಂಡವನ ಕೈಯಲ್ಲಿ ಮಾತ್ರ ಅಂಥ ಕೋಳ ಬೀಳಲಿಲ್ಲ. ಉಂಗುರದ ತಕ್ಕಡಿಯಲ್ಲಿ ಒಂದು ತಟ್ಟೆ ಮಾತ್ರ ಉಳಿಯಿತು ಎನ್ನಬಹುದು.

ಮೂರನೆಯವನ ಕೈಯಲ್ಲಿ

1995ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಹುಟ್ಟಿದ ವಿಆರ್‌ಬಿಒ, 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾದ ಏರ್‌ಬಿಎನ್‌ಬಿಯಂಥ ಸಂಸ್ಥೆಗಳು ಈ ವ್ಯವಹಾರದ ಸ್ವರೂಪವನ್ನೇ ಬದಲಿಸಿದವು. ಏರ್‌ಬಿಎನ್‌ಬಿಯಲ್ಲಿ ಪ್ರವಾಸಿಯ ಹಣ ನೇರ ಮಾಲೀಕನ ಕೈ ಸೇರುವುದಿಲ್ಲ. ಅತಿಥಿ ಮನೆ ಹೊಕ್ಕ ಸುಮಾರು 24 ಗಂಟೆಗಳ ನಂತರ ಅದು ಬಿಡುಗಡೆಯಾಗುತ್ತದೆ. ಮನೆಯೇ ಇಲ್ಲದ ವಿಳಾಸಕ್ಕೆ ಹಣ ಕಟ್ಟಿ ಬೆಪ್ಪಾಗುವ ಭಯ ಇದರಿಂದ ಕಡಿಮೆಯಾಯಿತು. ರದ್ದತಿಯ ಷರತ್ತುಗಳು ಸಡಿಲ, ಮಧ್ಯಮ, ಬಿಗಿ ಎಂದು ದರ್ಜೆಗಳಾದವು. ದಿನ ಹತ್ತಿರವಾದಷ್ಟೂ ಮರಳುವ ಹಣ ಕಡಿಮೆ. ತಡವಾಗಿ ತೆರವಾದ ಮನೆಗೆ ಬೇರೆ ಬಾಡಿಗೆದಾರ ಸಿಗುವುದು ಕಷ್ಟ ಎಂಬುದು ಇದರ ಹಿಂದಿನ ಲೆಕ್ಕ.

2020ರ ಮಾರ್ಚ್‌ನಲ್ಲಿ ಕೊರೊನಾ ಸೋಂಕು ಈ ಏರ್ಪಾಟನ್ನು ಒರೆಗೆ ಹಚ್ಚಿತು. ಮಾರ್ಚ್ 14ರವರೆಗೆ ಆದ ಕಾದಿರಿಸುವಿಕೆಗಳಿಗೆ, ಮಾಲೀಕರ ಷರತ್ತು ಏನೇ ಇದ್ದರೂ, ಪೂರ್ತಿ ಹಣ ಮರಳಿಸುವುದಾಗಿ ಏರ್‌ಬಿಎನ್‌ಬಿ ಘೋಷಿಸಿತು. ಪ್ರವಾಸಿಗರು ನಿಟ್ಟುಸಿರು ಬಿಟ್ಟರು. ಸಾಲ ಮಾಡಿ ಮನೆ ಕೊಂಡು ಬಾಡಿಗೆಯನ್ನೇ ನಂಬಿದ್ದ ಮಾಲೀಕರು ಮಾತ್ರ ಕೆರಳಿದರು: ಕರಾರು ನಮ್ಮದು, ಮುರಿದವರು ನೀವು! ತಮ್ಮನ್ನು ಕೇಳದೆ ತೀರ್ಮಾನಿಸಿದ್ದಕ್ಕೆ ಸಂಸ್ಥೆಯ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಮಾಲೀಕರ ಕ್ಷಮೆ ಕೇಳಿದರು. ರದ್ದತಿ ಷರತ್ತಿನಂತೆ ಅವರಿಗೆ ಸಿಗಬೇಕಿದ್ದ ಹಣದ ಕಾಲು ಭಾಗ ತುಂಬಿಕೊಡಲು 25 ಕೋಟಿ ಡಾಲರ್ ತೆಗೆದಿರಿಸಿದರು. ಫ್ರಾನ್ಸ್ ಸರ್ಕಾರ ಇನ್ನೊಂದು ಹಾದಿ ಹಿಡಿಯಿತು. ಪ್ರವಾಸ ಮತ್ತು ವಸತಿ ಸಂಸ್ಥೆಗಳು ಹಣದ ಬದಲು 18 ತಿಂಗಳು ಚಾಲ್ತಿಯಲ್ಲಿರುವ ಚೀಟಿ ಕೊಡಬಹುದು, ಅದು ಬಳಕೆಯಾಗದಿದ್ದರೆ ಆಮೇಲೆ ಹಣ ಕೊಡಬೇಕು ಎಂದಿತು. ಬ್ರಿಟನ್ನಿನಲ್ಲಿ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ಮಧ್ಯೆ ಪ್ರವೇಶಿಸಿದ ಮೇಲೆ, ಲಾಕ್‌ಡೌನ್‌ನಿಂದ ಹೋಗಲಾಗದವರಿಗೆ ಹಣ ಮರಳಿಸಲು ದೊಡ್ಡ ರಜಾಮನೆ ಕಂಪನಿಯೊಂದು ಜೂನ್‌ನಲ್ಲಿ ಒಪ್ಪಿತು. ಒಂದೇ ವಿಪತ್ತಿಗೆ ಮೂರು ಬಗೆಯ ಹಂಚಿಕೆ.

ಎಲ್ಲ ಅಡ್ಡಿಗಳೂ ಒಂದೇ ಅಲ್ಲ

ಕರ್ನಾಟಕದಿಂದ ಯುರೋಪಿಗೆ ಹೊರಡುವವರಿಗೆ ಈ ಇತಿಹಾಸ ದೂರದ ಮಾತಲ್ಲ. ಶೆಂಗೆನ್ ವೀಸಾ ಅರ್ಜಿಯ ಜೊತೆ ಉಳಿದುಕೊಳ್ಳುವ ವ್ಯವಸ್ಥೆಯ ಪುರಾವೆ ಕೊಡಬೇಕು. ಅಂದರೆ ಹೋಗಲು ಅನುಮತಿ ಸಿಗುವುದೋ ಇಲ್ಲವೋ ತಿಳಿಯುವ ಮೊದಲೇ ಮನೆ ಗೊತ್ತುಮಾಡಬೇಕು. ವೀಸಾ ತಿರಸ್ಕಾರವಾದರೆ ಮನೆ ಸುಟ್ಟಿರುವುದಿಲ್ಲ, ಮೆರವಣಿಗೆಯೂ ನಿಂತಿರುವುದಿಲ್ಲ. ಅಡ್ಡಿ ಬಂದಿರುವುದು ಬಾಡಿಗೆದಾರನ ಕಡೆಯಲ್ಲಿ ಮಾತ್ರ. ವಾನ್ ವಿಲಿಯಮ್ಸ್ ಹೇಳಿದ ಎಪ್ಸಮ್ ಗಾಡಿಗೆ ಹತ್ತಿರವಾದ ಸಂದರ್ಭ ಇದು. ಹಾಗಾಗಿ ಇಲ್ಲಿ ಕೈಹಿಡಿಯುವುದು ಕರಾರಿನಲ್ಲಿ ಬರೆದ ರದ್ದತಿ ಷರತ್ತೇ ಹೊರತು ಯಾವ ಹಳೆಯ ತೀರ್ಪೂ ಅಲ್ಲ. ದೂರದಿಂದ ಕೊಂಡದ್ದನ್ನು 14 ದಿನಗಳೊಳಗೆ ಬೇಡವೆನ್ನುವ ಹಕ್ಕು ಯುರೋಪಿನ ಗ್ರಾಹಕರಿಗೆ ಇದೆ ಎಂಬುದು ನಿಜ. ಆದರೆ ಆ ಹಕ್ಕನ್ನು ಸಾರಿದ 2011ರ ನಿರ್ದೇಶನವೇ ಇಂಥ ದಿನಕ್ಕೆಂದು ಗೊತ್ತುಮಾಡಿದ ವಸತಿಯನ್ನು ಅದರಿಂದ ಹೊರಗಿಟ್ಟಿದೆ.

ಪ್ರವಾಸದ ತಯಾರಿಯಲ್ಲಿ ಜನ ಬಾಡಿಗೆ ನೋಡುತ್ತಾರೆ, ಬಾಲ್ಕನಿ ನೋಡುತ್ತಾರೆ, ಅಡುಗೆಮನೆ ಇದೆಯೇ ಎಂದು ವಿಚಾರಿಸುತ್ತಾರೆ. ಅದರ ಜೊತೆಗೆ ಮುಂಗಡಕ್ಕೆ ಕರಾರಿನಲ್ಲಿ ಇಟ್ಟಿರುವ ಹೆಸರೇನು, ಅದು ಯಾವ ದಿನದವರೆಗೆ ಮರಳುತ್ತದೆ, ಮಾಲೀಕನೇ ಕೈಕೊಟ್ಟರೆ ಅವನು ಏನು ತೆರುತ್ತಾನೆ ಎಂಬ ಮೂರು ಸಂಗತಿಗಳನ್ನೂ ಹಣ ಕಟ್ಟುವ ಮೊದಲೇ ಓದಿಕೊಳ್ಳುವುದು ಮೇಲು. ಮೂರನೆಯ ಪ್ರಶ್ನೆಯನ್ನು ಕಲ್ಯಾಣದ ವಿಜ್ಞಾನೇಶ್ವರರು ಸುಮಾರು 900 ವರ್ಷಗಳ ಹಿಂದೆಯೇ ಕೇಳಿದ್ದರು. ಇಂದಿನ ಅನೇಕ ಕರಾರುಗಳಲ್ಲಿ ಅದಕ್ಕೆ ಅಷ್ಟು ನೇರವಾದ ಉತ್ತರ ಸಿಗುವುದಿಲ್ಲ.